ಹೆಬ್ಬೆರಳಿನ ತುಳಸಿ

ತುಳಸಿ ಎಲೆ ಹಿಡಿದ ಜನಾಬಾಯಿಯ ಕೈ ತೀರಿಹೋಗಿದ್ದ ಪಂಢರಿಯ ತುಟಿ ಮುಟ್ಟುವಷ್ಟರಲ್ಲಿ ಉತ್ತಮ ಆ ಕೈಯನ್ನು ಗಪ್ಪನೆ ಹಿಡಿದ. ಎಳೆದಾಟದಲ್ಲಿ ತುಳಸಿ ಎಲೆ ಇಬ್ಬರ ಬೆರಳುಗಳ ನಡುವೆ ಜಜ್ಜಿ ಹೋಯಿತು.

“ಏನ್ ಮಾಡ್ಲಕತ್ತೀರಿ ಅಕ್ಕಾ? ನಾವು ಬೌದ್ಧರು. ನಮ್ಮಲ್ಲಿ ಸತ್ತವರ ಬಾಯಾಗ ತುಳಸಿ ಹಾಕಲ್ರಿ.”

“ಹಂಗಂದ್ರ ನಿಮ್ಮಣ್ಣ ಬದುವಿನ ತುಂಬ ತುಳಸಿ ಯಾಕ ಹಚ್ಚಿದ್ದ, ತಮ್ಮಾ? ನಮ್ಮ ಮನ್ಯಾಗ ಒಂದೇ ಗಿಡ ಅದ. ಇಲ್ಲಿ ನಲವತ್ತು ಅವ.” ಪಕ್ಕದ ಹೊಲದಲ್ಲಿ ಕುರಿ ಸಾಕುವ ಜನಾಬಾಯಿ ಬಿಡುವವಳಲ್ಲ.

ಅಂಗಳದಲ್ಲಿ ಕೂತವರೆಲ್ಲ ಹೊಲದ ಕಡೆ ತಿರುಗಿದರು. ಸಂತಪುರದ ಆಚೆಯ ಆ ಎರಡು ಎಕರೆಯಲ್ಲಿ ಪೇರಲ, ಸುತ್ತಲೂ ತುಳಸಿ. ನಿನ್ನೆ ಸಂಜೆ ಪಂಢರಿ ಕುಸಿದು ಬಿದ್ದದ್ದೂ ಆ ಬದುವಿನ ಮೇಲೆಯೇ. ಉತ್ತಮನ ಮುಖ ಕಪ್ಪಿಟ್ಟಿತು. ಅಣ್ಣ ತನಗೂ ಹೇಳದೆ ಹಳೆಯ ದೇವರ ಕಡೆ ವಾಲಿದ್ದನೇ?

“ವೈನಿ, ಖರೆ ಹೇಳ್ರಿ. ಅಣ್ಣ ಪೂಜಿ ಮಾಡ್ತಿದ್ದನೇನು?”

ಪಂಢರಿಯ ಹೆಂಡತಿ ಶೇವಂತಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಪೂಜಿ ಮಾಡಿದ್ದು ನೋಡಿಲ್ಲಪ್ಪಾ. ದಿನಾ ಮುಂಜಾನಿ ಆ ಗಿಡದ ಮುಂದ ಕುಂತು ಮಾತಾಡೋದು ನೋಡೀನಿ.”

“ಯಾರ ಜೋಡಿ?”

“ಅದೇ ನಂಗೂ ತಿಳೀಲಿಲ್ಲ. ನನ್ನ ಜೋಡಿ ಅಂತೂ ಅಲ್ಲ.”

ಯಾರೋ ನಕ್ಕರು. ನಕ್ಕದ್ದು ತಪ್ಪೆನಿಸಿ ಕೆಮ್ಮಿದರು.

ಭಾಲ್ಕಿಯಿಂದ ಮೊದಲ ಬಸ್ಸಿಗೆ ಬಂದ ಮಗಳು ಆಮ್ರಪಾಲಿ ತಂದೆಯ ಪಾದದ ಬಳಿ ಕೂತಿದ್ದಳು. ಅವಳಿಗೊಂದು ನೆನಪಿತ್ತು. ಅದು ಈ ಪ್ರಶ್ನೆಗೆ ಉತ್ತರವೋ ಅಲ್ಲವೋ ತಿಳಿಯದು. ಇಷ್ಟು ಜನರೆದುರು ಮಾತಾಡಿ ಅವಳಿಗೆ ರೂಢಿಯಿರಲಿಲ್ಲ.

*

ಆಗ ಅವಳು ಆರನೆಯ ತರಗತಿ. ಆ ವರ್ಷ ಯಾವ ಪೇರಲ ಕೊಯ್ದರೂ ಒಳಗೆ ಹುಳ. ಅಪ್ಪ ತುಳಸಿ ಎಲೆಯನ್ನು ಹೆಬ್ಬೆರಳಿನಿಂದ ತಿಕ್ಕಿ, ಕೈ ಚಾಚಿ ಕೂತ. ತುಸು ಹೊತ್ತಿಗೆ ಹಳದಿ ಸೊಂಟದ ಸಣ್ಣ ನೊಣವೊಂದು ಬಂದು ಬೆರಳ ಮೇಲೆ ಕೂತಿತು.

“ಬರ್ರಿ ಬೀಗರೇ, ಕುಂದರ್ರಿ,” ಎಂದ ಅಪ್ಪ. “ನೋಡವ್ವಾ, ಇದು ಗಂಡು. ಈ ವಾಸನಿಗಿ ಹುಚ್ಚಾಗಿ ಬರ್ತದ. ಗಂಡೇ ಸತ್ರ ಹಣ್ಣಿನಾಗ ಹುಳ ಹ್ಯಾಂಗ ಹುಟ್ತಾವ?”

ತೂತು ಕೊರೆದ ಬಾಟಲಿಗಳಿಗೆ ಜಜ್ಜಿದ ತುಳಸಿ, ಬೆಲ್ಲದ ನೀರು, ಒಂದೆರಡು ಹನಿ ವಿಷ ಹಾಕಿ ಗಿಡಗಳಿಗೆ ಕಟ್ಟಿದ. ಬೆರಳ ಮೇಲಿನ ನೊಣವನ್ನು ಮಾತ್ರ ಊದಿ ಹಾರಿಸಿಬಿಟ್ಟ. ಯಾಕೆಂದು ಅವಳು ಕೇಳಲಿಲ್ಲ.

*

“ಕಾಕಾ,” ಎಂದಳು ಆಮ್ರಪಾಲಿ, ಉತ್ತಮನ ಕಡೆ ತಿರುಗಿ. “ಅಪ್ಪ ನೊಣದ ಜೋಡಿ ಮಾತಾಡ್ತಿದ್ದ. ತುಳಸಿ ಹಚ್ಚಿದ್ದೂ ನೊಣಕ್ಕ.”

“ನೊಣಕ್ಕ? ಇಷ್ಟು ಸಾಲಿ ಕಲ್ತು ಇದೇನವ್ವಾ ನೀ ಹೇಳೋದು?”

ಅವಳಿಗೂ ಪೂರ್ತಿ ಭರವಸೆ ಇರಲಿಲ್ಲ. ಆದರೂ ಎದ್ದು ಜನಾಬಾಯಿಯ ಮುಷ್ಟಿ ಬಿಡಿಸಿ, ಜಜ್ಜಿದ ಎಲೆಯನ್ನು ತೆಗೆದುಕೊಂಡಳು. “ಬಾಯಾಗ ಬ್ಯಾಡ. ಕೈಯಾಗ ಇಡ್ತೇನಿ,” ಎಂದು ಅಪ್ಪನ ಬಲ ಹೆಬ್ಬೆರಳಿಗೆ ತಿಕ್ಕಿ ಅಲ್ಲೇ ಇಟ್ಟಳು. ತಡೆಯಬೇಕೋ ಬಿಡಬೇಕೋ ಉತ್ತಮನಿಗೆ ಹೊಳೆಯಲಿಲ್ಲ.

‘ಬುದ್ಧಂ ಸರಣಂ ಗಚ್ಛಾಮಿ’ ಎಂದು ತ್ರಿಸರಣ ಶುರುವಾಯಿತು. ಎಲ್ಲರೂ ಕೈ ಮುಗಿದರು. ಪೇರಲ ಗಿಡಗಳ ಕಡೆಯಿಂದ ಹಳದಿ ಸೊಂಟದ ನೊಣವೊಂದು ಬಂದು ಎರಡು ಸುತ್ತು ಹಾಕಿ ಪಂಢರಿಯ ಹೆಬ್ಬೆರಳಿಗೆ ಇಳಿಯಿತು. ಓಡಿಸಲು ಸೆರಗೆತ್ತಿದ ಜನಾಬಾಯಿ ಹಾಗೇ ನಿಂತಳು.

ಇನ್ನೊಂದು ಬಂತು. ಅದು ತುಳಸಿಯ ವಾಸನೆ ಇನ್ನೂ ಆರದ ಉತ್ತಮನ ಮುಗಿದ ಬೆರಳುಗಳ ಮೇಲೆ ಕೂತಿತು.

ಅವನ ದನಿ ನಡುವೆಯೇ ನಿಂತಿತು. ಉಳಿದವರು ತ್ರಿಸರಣ ಮುಗಿಸಿ ಕೈ ಇಳಿಸಿದರು. ಉತ್ತಮ ಕೈ ಅಲುಗಿಸದೆ, ಅದು ಹಾರುವವರೆಗೂ ನಿಂತೇ ಇದ್ದ.