ಅಜ್ಜನ ಪೊರೆ

"ಹೇಳಿಬಿಡು ಸೆಸ್ಸಿ. ಹೇಳಿದ್ರೆ ಅಜ್ಜ ಕ್ಷಮಿಸ್ತಾನೆ," ಎಂದ ವಿನ್ಯೋ. ಅವನ ದನಿಯಲ್ಲಿ ಬೆಣ್ಣೆ ಇತ್ತು, ಕಣ್ಣಲ್ಲಿ ಇರಲಿಲ್ಲ.

ವಿನ್ಯೋ ಅವಳ ಗಂಡನ ಅಣ್ಣ, ಮನೆದೇವರ ಪೂಜಾರಿ. ಅಂಗಳದ ತುಂಬ ಗಂಡನ ಮನೆಯ ಜನ. ಗಂಡ ತೊಸ್ಸು ಮಾತ್ರ ಮೂಲೆ ಹಿಡಿದು, ತನ್ನ ಚಪ್ಪಲಿಯ ಬಾರನ್ನು ಈಗಷ್ಟೇ ಕಂಡವನ ಹಾಗೆ ನೋಡುತ್ತ ನಿಂತಿದ್ದ.

ಮಣೆಯ ಮೇಲೆ ಅಜ್ಜನನ್ನು ಮಲಗಿಸಿದ್ದರು. ಅಜ್ಜ ಎಂದರೆ ಮನೆದೇವರು, ತೋಳುದ್ದದ ಒಂದು ಹೆಬ್ಬಾವು. ಈ ಮನೆಯಲ್ಲಿ ಅದಕ್ಕೆ ಬೇರೆ ಹೆಸರಿಲ್ಲ. ಕಾಲುಚೀಲ ಕಳಚಿದ ಹಾಗೆ ಇಡಿಯಾಗಿ ಬರಬೇಕಿದ್ದ ಪೊರೆ ಈ ಸಲ ಚೂರುಚೂರಾಗಿ ಹರಿದು, ಅರ್ಧ ಮೈಗೆ ಅಂಟಿಕೊಂಡೇ ಉಳಿದಿತ್ತು. ಕಣ್ಣುಗಳ ಮೇಲೂ ಹಳೆಯ ಪೊರೆ ಕೂತು ಎರಡೂ ಮಂಕಾಗಿದ್ದವು. ಪೊರೆ ಹರಿದರೆ ಮನೆಯಲ್ಲಿ ಯಾರೋ ಮೈಲಿಗೆ ಮಾಡಿದ್ದಾರೆಂದೇ ಅರ್ಥ. ಮಾಡಿದವರು ಎಲ್ಲರೆದುರು ಬಾಯಿಬಿಡಬೇಕು, ಆಮೇಲೆ ಪೂಜಾರಿ ಉಳಿದ ಪೊರೆಯನ್ನು ಉಗುರಿನಿಂದ ಕೀಳಬೇಕು. ಹೋದ ವರ್ಷ ಹಾಗೆ ಕಿತ್ತಾಗ ಗುಡಿಕೋಣೆಯ ಇನ್ನೊಂದು ಹಾವಿನ ಕಣ್ಣು ಹುಣ್ಣಾಗಿ, ಅದು ಸತ್ತೇ ಹೋಯಿತು. ಮನುಷ್ಯರನ್ನು ಹೂಳುವಂತೆ ಬಿಳಿ ಬಟ್ಟೆ ಸುತ್ತಿ ಹೂತರು, ಗೋಳೋ ಎಂದು ಅತ್ತರು. ಯಾಕೆ ಸತ್ತಿತೆಂದು ಕೇಳಲು ಮಾತ್ರ ಒಬ್ಬರಿಗೂ ನಾಲಿಗೆ ಏಳಲಿಲ್ಲ.

"ನಾನೇನು ಮಾಡಿದ್ದೀನಿ ಭಾವ?"

"ಗುಡಿಕೋಣೆ ಗುಡಿಸೋಳು ನೀನು. ಮುಟ್ಟಾದಾಗ ಒಳಗೆ ಹೋಗಿರ್ತೀಯ."

"ಹೋಗಿಲ್ಲ."

"ಹೋದೆ ಅಂದುಬಿಡೇ," ಎಂದಳು ಅತ್ತೆ. "ಒಂದು ಮಾತು ತಾನೆ. ಜೋಳದ ಮುದ್ದೆ ಆರಿಹೋಗ್ತಿದೆ."

ಒಂದು ಮಾತಂತೆ! ಅದನ್ನು ಆಡಿದರೆ ಸಾಯುವ ತನಕ ಅವಳು ಅಜ್ಜನಿಗೆ ಮೈಲಿಗೆ ಮಾಡಿದವಳು. ಬಾವಿಯ ಹಗ್ಗ ಮುಟ್ಟಿದರೂ ಜನ ಮುಖ ಸಿಂಡರಿಸುತ್ತಾರೆ, ಅವಳ ಮಗಳನ್ನು ಮದುವೆಗೆ ಕೇಳಿಕೊಂಡು ಯಾರೂ ಬರುವುದಿಲ್ಲ. ಗಂಡನ ಕಡೆ ನೋಡಿದಳು. ಅವನು ಇನ್ನೂ ಚಪ್ಪಲಿಯನ್ನೇ ನೋಡುತ್ತಿದ್ದ. ಸೆಸ್ಸಿಗೆ ಮೈಯೆಲ್ಲ ಉರಿದುಹೋಯಿತು.

"ಆಯ್ತು, ತಪ್ಪು ಮಾಡಿದ್ದೀನಿ," ಎಂದಳು. "ನೀವು ಗುಡಿಕೋಣೇಲಿದ್ದ ಒದ್ದೆ ಮರಳು ತೆಗೆಸಿ ಟೈಲ್ಸ್ ಹಾಕಿಸಿದಾಗ ಸುಮ್ಮನಿದ್ದೆ. ಕೊಟೊನೂ ಪಟ್ಟಣದಿಂದ ಬರೋ ಪ್ರವಾಸಿಗಳ ಬಿಳಿ ಷೂ ನೆನೆಯುತ್ತೆ ಅಂತ ನೀರಿನ ಮಡಕೆ ಎಸೆದಾಗ್ಲೂ ಸುಮ್ಮನಿದ್ದೆ. ಈ ಹರ್ಮಟಾನ್ ಒಣಗಾಳಿಗೆ ನಿಮ್ಮ ತುಟಿನೇ ಒಡೆದು ರಕ್ತ ಬರ್ತಿದೆ ಭಾವ. ನೀವೇನೋ ಎಣ್ಣೆ ಹಚ್ಕೋತೀರಿ, ಪೊರೆ ಬಿಡೋಕೆ ತೇವ ಬೇಕಾದ ಅಜ್ಜ ಎಲ್ಲಿಗೆ ಹೋಗ್ಬೇಕು? ಪೊರೆ ಬಿಡೋ ಹೊತ್ತಲ್ಲೂ ಕಂಡೋರ ಕೊರಳಿಗೆ ಹಾಕಿ ಫೋಟೋ ತೆಗೆಸಿದ್ರಿ. ಎಲ್ಲಾ ನೋಡ್ಕೊಂಡು ಬಾಯಿ ಮುಚ್ಕೊಂಡಿದ್ದೆನಲ್ಲ, ಅದೇ ನನ್ನ ತಪ್ಪು. ಒಪ್ಕೊಂಡೆ."

ಹಿಂದೆ ಯಾರೋ ನಕ್ಕು, ಅದನ್ನು ಕೆಮ್ಮು ಮಾಡಿಕೊಂಡರು.

"ಪರವಾಗಿಲ್ಲ, ಸೊಸೆ ಪೂಜಾರಿಗೇ ಪಾಠ ಹೇಳೋ ಕಾಲ ಬಂತು," ಎಂದ ವಿನ್ಯೋ. ಮಣೆಯ ಮೇಲೆ ಬಗ್ಗಿ ಹಾವಿನ ತಲೆ ಅದುಮಿ ಹಿಡಿದು, ಹೆಬ್ಬೆರಳಿನ ಉಗುರನ್ನು ಕಣ್ಣಿನ ಅಂಚಿಗೆ ತಂದ.

ಸೆಸ್ಸಿ ಹೆಗಲ ಮೇಲಿನ ಬಟ್ಟೆಯನ್ನು ಎಳೆದು ಪಕ್ಕದ ನೀರಿನ ಬಕೆಟ್ಟಿನಲ್ಲಿ ಅದ್ದಿದಳು. ಅವನ ಕೈಯನ್ನು ಮೊಣಕೈಯಿಂದ ತಳ್ಳಿ, ಹಾವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಳು.

"ಕೆಳಗಿಡು."

"ಇಡಲ್ಲ. ಪೊರೆ ನೆನೆದು ತಾನಾಗಿ ಬಿಡೋ ತನಕ ನನ್ನ ತವರಲ್ಲಿರ್ತಾನೆ."

ವಿನ್ಯೋ ಹೋಗಿ ಬಾಗಿಲಿಗೆ ಅಡ್ಡ ನಿಂತ. ಸೆಸ್ಸಿ ನಿಲ್ಲಲಿಲ್ಲ. ಬಟ್ಟೆಯ ಮಡಿಕೆಯಿಂದ ಹಾವು ತಲೆ ಹೊರಹಾಕಿ ಅವನ ಕಡೆಗೆ ನಾಲಿಗೆ ಚಾಚಿತು. ದಾರಿಯಲ್ಲಿ ಅಜ್ಜ ಎದುರಾದರೆ ಎಂಥವನೂ ನೆಲಕ್ಕೆ ಹಣೆ ಹಚ್ಚಲೇಬೇಕು. ಊರಿಗೆಲ್ಲ ಅದನ್ನು ಕಲಿಸಿದವರೇ ಈ ಮನೆಯವರು. ಮೊದಲು ಅತ್ತೆ ಸೊಂಟ ಹಿಡಿದುಕೊಂಡು ಬಾಗಿದಳು. ಅವಳ ಹಿಂದೆ ಅಂಗಳವೆಲ್ಲ ಬಾಗಿತು, ತೊಸ್ಸು ಕೂಡ. ಎಲ್ಲರ ತಲೆಯೂ ಕೆಳಗಿರುವಾಗ ನೆಟ್ಟಗೆ ನಿಂತವನು ವಿನ್ಯೋ ಒಬ್ಬನೇ. ಅವನು ಆಚೀಚೆ ನೋಡಿದ. ಆಮೇಲೆ ಬಿಳಿ ನಿಲುವಂಗಿಯ ಅಂಚು ಎತ್ತಿಕೊಂಡು ಧೂಳಿನಲ್ಲಿ ಮಂಡಿಯೂರಿ ಹಣೆ ಹಚ್ಚಿದ.

ಸೆಸ್ಸಿ ಅವನ ಮಗ್ಗುಲಿಂದ ಹಾದು ಹೊರಗೆ ನಡೆದಳು. ಒದ್ದೆ ಬಟ್ಟೆಯಿಂದ ಅವನ ಬೆನ್ನ ಮೇಲೆ ನೀರು ತೊಟ್ಟಿಕ್ಕಿತು.