ತಟ್ಟೆಗೆ ಹಾಸಿದ ಕಾದಂಬರಿ

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಕಾದಂಬರಿಕಾರ ಚನ್ನಕೇಶವಯ್ಯನವರನ್ನು ನೋಡಲು ಶಿಡ್ಲಘಟ್ಟಕ್ಕೆ ಬಂದವರೆಲ್ಲ ಅವರ ಮಗಳು ಅನಸೂಯ ತಂದಿಟ್ಟ ಕಾಫಿ ಕುಡಿದು, ಖಾಲಿ ಲೋಟವನ್ನು ಅವಳಿಗೇ ಕೊಟ್ಟು ಹೋಗುತ್ತಿದ್ದರು. "ನನ್ನ ಬಲಗೈ" ಎಂದು ಅಪ್ಪ ಪರಿಚಯಿಸುತ್ತಿದ್ದರು. ಕೈಗೆ ಹೆಸರೇನು ಎಂದು ಕೇಳುವವರುಂಟೇ? ಅವರು ಓಡಾಡುತ್ತ ಹೇಳುವುದು, ಇವಳು ಕೂತು ಬರೆಯುವುದು. ಒಂಬತ್ತು ಕಾದಂಬರಿ ಹೀಗೇ ಆಗಿದ್ದವು.

ಹತ್ತನೆಯದು ಅವಳದೇ. ಹಳೆಯ ಪ್ರೂಫುಗಳ ಹಿಂಬದಿಯಲ್ಲಿ ಬರೆದು ಟ್ರಂಕಿನಲ್ಲಿ ಇಟ್ಟಿದ್ದಳು. ಕೊನೆಯ ಅಧ್ಯಾಯವೊಂದು ಬಾಕಿ. ಸೋಮವಾರ ನೋಡಿದರೆ ಟ್ರಂಕು ಖಾಲಿ.

"ಹಳೇ ಕಾಗ್ದ ಅಂತ ನಿಮ್ಮಪ್ಪನೇ ಜಾನ್ ಬೀಗೆ ಕೊಟ್ರು ಕಣೇ, ಹುಳದ ತಟ್ಟೆಗೆ ಹಾಸೋಕೆ," ಎಂದರು ಸೋದರತ್ತೆ ಶ್ಯಾಮಲಮ್ಮ.

ಅನಸೂಯ ರೇಷ್ಮೆ ಹುಳು ಸಾಕುವ ಪಕ್ಕದ ಮನೆಗೆ ಓಡಿದಳು.

"ನಿಲ್ಲು ಬೇಟಿ!" ಜಾನ್ ಬೀ ಅಡ್ಡ ಬಂದಳು. "ಜೋರಾಗಿ ಉಸಿರೂ ಬಿಡ್ಬೇಡ. ಜ್ವರದಲ್ಲಿದಾವೆ."

ಪೊರೆ ಬಿಡುವ ಮುನ್ನ ರೇಷ್ಮೆ ಹುಳು ಮೇವು ಬಿಟ್ಟು, ತಲೆಯೆತ್ತಿ ಕಲ್ಲಾಗಿ ನಿಲ್ಲುತ್ತದೆ. ಅದೇ ಜ್ವರ. ಆಗ ಅಲುಗಿಸಿದರೆ ಬೆಳೆಯೇ ಹೋಯಿತು. ಸಾವಿರಾರು ಪುಟ್ಟ ತಲೆಗಳ ಕೆಳಗೆ ಅವಳ ಅಕ್ಷರ ಇಣುಕುತ್ತಿತ್ತು.

"ಅದು ನನ್ದು ಜಾನ್ ಬೀ. ವಾಪಸ್ ಬೇಕು."

"ನಿಂದಾ? ಮತ್ತೆ ನಿಮ್ಮಪ್ಪ ನನ್ನ ಎರಡು ದಿನ ಕಾಯಿಸಿ, ಒಂದೊಂದೇ ಹಾಳೆ ಓದಿ ಕೊಟ್ರಲ್ಲ! ನಾಳೆ ಸಂಜೆ ಜ್ವರ ಬಿಟ್ಟು ಏಳ್ತವೆ, ಬಾ. ಎತ್ತಿ ಕೊಡ್ತೀನಿ."

ಓದಿ ಕೊಟ್ಟರು.

ಮರುದಿನ ಬೆಳಿಗ್ಗೆ ಅಪ್ಪ ಗಂಟಲು ಸರಿಮಾಡಿಕೊಂಡರು. "ಹೊಸ ಕಾದಂಬರಿ. ಬರ್ಕೊಳ್ಳಮ್ಮ."

ಅಪ್ಪ ಹೇಳಿದ ಮೊದಲ ವಾಕ್ಯ ಅವಳದೇ. ಎರಡನೆಯದೂ.

"ಯಾಕೆ ನಿಲ್ಲಿಸ್ದೆ? ಇಂಕ್ ಮುಗೀತಾ?"

"ಇಲ್ಲ." ಹಾಳೆಗಳು ಕೈಗೆ ಬರಲಿ, ಆಮೇಲೆ ಮಾತು ಎಂದುಕೊಂಡು ಬರೆದಳು.

ಸಂಜೆ ಜಾನ್ ಬೀ ಮುಖ ತಗ್ಗಿಸಿ ನಿಂತಿದ್ದಳು. "ಮಧ್ಯಾಹ್ನಾನೇ ಎದ್ಬಿಟ್ವು ಬೇಟಿ. ನಾನು ಸೊಪ್ಪಿಗೆ ಹೋಗಿದ್ದೆ. ಹಳೇ ಹಾಸು ಇಟ್ಕೊಂಡ್ರೆ ಹುಳಕ್ಕೆ ರೋಗ ಅಂತ ನಮ್ಮತ್ತೆ ಎಂದಿನ ಹಾಗೆ ಒಲೆಗೆ ಹಾಕ್ಬಿಟ್ರು."

ತನ್ನದೆಂದು ತೋರಿಸಲು ಒಂದು ಹಾಳೆಯೂ ಉಳಿಯದೆ, ಮೂರು ತಿಂಗಳು ಅವಳು ತನ್ನದನ್ನೇ ಕೇಳಿ ಕೇಳಿ ಬರೆದಳು. ಅಪ್ಪನ ಜ್ಞಾಪಕ ಅಲ್ಪವಿರಾಮವನ್ನೂ ಬಿಡುತ್ತಿರಲಿಲ್ಲ. ವಾರಪತ್ರಿಕೆಯಲ್ಲಿ ಅವರ ಹೆಸರಿನಲ್ಲಿ ಅಚ್ಚಾಗುತ್ತಿತ್ತು; ಹೊಗಳಿಕೆಯ ಪತ್ರಗಳಿಗೂ ಅವಳೇ ಉತ್ತರ ಬರೆದಳು.

ಕೊನೆಯ ಅಧ್ಯಾಯದ ದಿನ ಅವರ ಓಡಾಟ ನಿಂತಿತು.

"ಆಮೇಲೆ ಕಥೇಲಿ ಆ ಹುಡುಗಿ ಏನ್ ಮಾಡ್ತಾಳೆ?"

"ನಿಮ್ಮ ಕಾದಂಬರಿ ಅಲ್ವಾ ಅಪ್ಪ? ನನ್ನ ಕೇಳಿದ್ರೆ?"

ಅಪ್ಪ ನಕ್ಕರು. ಮೆಲ್ಲಗೆ, ಮುದ್ದಿನ ಮಗುವನ್ನು ನೋಡಿ ನಕ್ಕ ಹಾಗೆ. "ಅಧ್ಯಾಯ ಶುಕ್ರವಾರ ಟಪಾಲಿಗೆ ಹೋಗ್ಬೇಕು. ಅಲ್ಲೀವರ್ಗೂ ನಿನ್ನ ಊಟ ಇಲ್ಲಿಗೇ ಬರುತ್ತೆ." ಹೊರಗೆ ಹೋಗಿ ಚಿಲಕ ಹಾಕಿದರು.

ಗುರುವಾರ ಶ್ಯಾಮಲಮ್ಮ ಅವಳ ಕೋಣೆಯಿಂದ ತುಂಬಿದ ಊಟದೆಲೆ ಹಾಗೇ ಹಿಡಿದು ಬಂದರು. "ಅಣ್ಣ, ಇವತ್ತೂ ಮುಟ್ಟಿಲ್ಲ."

"ಬರೀತಿದ್ದಾಳಾ?"

"ಇಲ್ಲ. ತಲೆ ಎತ್ಕೊಂಡು ಕಲ್ಲಿನ ಹಾಗೆ ಕೂತಿದ್ದಾಳೆ."

"ಹಾಗಾದ್ರೆ ಇನ್ನು ಅನ್ನ ಕಳಿಸ್ಬೇಡ."

ಬಾಗಿಲ ಆಚೆಯಿಂದ ಅನಸೂಯಳ ದನಿ ಬಂತು. "ನೀರೂ ಬೇಡ ಅತ್ತೆ."