ಸಿಸ್ಟರವ್ವನ ಕುಣಿ

"ಇದೇನಪ್ಪಾ ತೋಡಿಟ್ಟಿದ್ದೀ!" ಕುಣಿಯ ದಂಡೆಗೆ ನಿಂತ ಫಾದರ್ ಹಣೆ ಹಿಡಿದುಕೊಂಡರು.

ದುರ್ಗಪ್ಪ ಒಳಗಿನಿಂದ ತಲೆಯೆತ್ತಿದ. ನಸುಕಿನಿಂದ ತೋಡಿದ ಕುಣಿ. ಎದೆಮಟ್ಟ ಆಳ, ಚೌಕ, ಒಂಚೂರೂ ಸೊಟ್ಟಿಲ್ಲ. ಮಸಗುಪ್ಪಿಯಲ್ಲಿ ಮೂವತ್ತು ವರ್ಷದಿಂದ ಅವನು ತೋಡಿದ್ದೆಲ್ಲ ಇಂಥವೇ. ಲಿಂಗಾಯತರು ಸತ್ತವರನ್ನು ಕೂಡಿಸಿ ಮಣ್ಣು ಕೊಡುವವರು. ಗೋಕಾಕ ದವಾಖಾನೆಯ ಸಿಸ್ಟರ್ ಅಪೊಲಿನ್, ಊರ ಬಾಯಲ್ಲಿ ಸಿಸ್ಟರವ್ವ, ಪೆಟ್ಟಿಗೆಯಲ್ಲಿ ಮಲಗಿ ಬರುತ್ತಾಳೆಂದು ಆ ಬಡಪಾಯಿಗೆ ಹೊಳೆದೇ ಇರಲಿಲ್ಲ.

"ಕೂಡಸಾಕಂತ ತೋಡೇನ್ರಿ. ಆಕಿ ಮಲಗಿದ್ದನ್ನ ಯಾರ್ ನೋಡ್ಯಾರ್ರಿ? ಯಾವಾಗ್ಲೂ ರೋಗಿ ಬಾಜೂ ಕುಂತಾಕಿನ."

"ನಮ್ಮಲ್ಲಿ ಮಲಗಿಸಬೇಕು, ದುರ್ಗಪ್ಪಾ. ಕಾನ್ವೆಂಟಿನವರು ಬೆಳಗಾವಿಗೇ ತನ್ನಿ ಅಂದಿದ್ದರು, ನಾನೇ ಕಾಡಿಬೇಡಿ ಇಲ್ಲಿಗೆ ಒಪ್ಪಿಸಿದೆ. ತೀರಿಕೊಂಡು ಎರಡು ದಿನವಾಯ್ತು. ಸಂಜೆ ಐದರೊಳಗೆ ಆಗದಿದ್ದರೆ ಗಾಡಿ ತಿರುಗಿಸಲೇಬೇಕು."

ದುರ್ಗಪ್ಪ ತಾನು ತೋಡಿದ ಚೌಕವನ್ನು ಸುತ್ತ ನೋಡಿದ. ಅಯ್ಯೋ, ತನ್ನ ತಪ್ಪಿಗೆ ಸಿಸ್ಟರವ್ವ ಊರು ಬಿಡಬೇಕೇ?

*

ಆಗ ಅವನಿಗೆ ಇಪ್ಪತ್ತು. ಕುಷ್ಠವೆಂದು ಮನೆಯವರೇ ಹೊಳೆದಂಡೆಯ ಗುಡಿಸಲಿಗೆ ದಬ್ಬಿದ್ದರು. ರೊಟ್ಟಿಯನ್ನು ದೂರದಿಂದ ಎಸೆದು ಹೋಗುತ್ತಿದ್ದರು. ಒಂದು ದಿನ ಮಂಗಳೂರು ಕಡೆಯ ಸಣಕಲು ಹೆಂಗಸೊಬ್ಬಳು ಬೋಗುಣಿ ಹಿಡಿದು ಬಂದಳು. ನೆಲಕ್ಕೆ ಕೂತು, ಕೀವು ಸೋರುವ ಅವನ ಪಾದವನ್ನು ತನ್ನ ಬಿಳಿ ಸೀರೆಯ ತೊಡೆಯ ಮೇಲಿಟ್ಟುಕೊಂಡಳು.

"ಬ್ಯಾಡ್ರಿ ಯವ್ವಾ, ಮುಟ್ಟಬ್ಯಾಡ್ರಿ!"

"ಕಾಲು ಸರಿ ಇಡು ಮಾರಾಯ, ನೀರು ತಣ್ಣಗಾಗ್ತದೆ."

ಅಷ್ಟೇ ಮಾತು. ಗೋಕಾಕದಿಂದ ಬಸ್ಸು ಹಿಡಿದು ಹನ್ನೊಂದು ತಿಂಗಳು ಬಂದಳು. ಅವಳು ಹೋದಮೇಲೆ ದುರ್ಗಪ್ಪ ತನ್ನ ಕಾಲನ್ನು ತಾನೇ ಬೆರಗಾಗಿ ನೋಡುತ್ತ ಕೂಡುತ್ತಿದ್ದ. ದೇವರು ಮುಟ್ಟಿದ ಕಾಲು ಇದು ಅನ್ನಿಸುತ್ತಿತ್ತು. ಗುಳಿಗೆಗೆ ರೋಗ ಹೋಯಿತು, ಉದುರಿದ ಕೈಬೆರಳು ಮಾತ್ರ ಮರಳಿ ಬರಲಿಲ್ಲ.

*

ಕುಣಿಯನ್ನು ಉದ್ದ ಮಾಡಲು ದುರ್ಗಪ್ಪ ಗುದ್ದಲಿ ಎತ್ತಿದ. ಕಲ್ಲುಗರಸಿನ ನೆಲ, ಜಪ್ಪಯ್ಯ ಅನ್ನಲಿಲ್ಲ. ಮೊಂಡು ಕೈಯಿಂದ ಗುದ್ದಲಿ ಜಾರಿ ಬಿತ್ತು.

"ಏನ್ ನೋಡಾಕತ್ತೀರಿ, ಬಾಯಾಗ ನೊಣ ಹೊಕ್ಕಾವು!" ಗೌಡರ ಮನೆಯ ಮುದುಕಿ ಶಿವವ್ವ ದಂಡೆಗೆ ನೆರೆದ ಜನರನ್ನು ಗದರಿದಳು. ದುರ್ಗಪ್ಪನ ಮಂದಿಯನ್ನು ಕಟ್ಟೆ ಹತ್ತಿಸದ ಮನೆತನ ಅದು. ಆದರೆ ಲಕ್ವಾ ಹೊಡೆದ ಅವಳ ಗಂಡ ಗೌಡನ ಹೇಲುಚ್ಚೆ ಬಳಿದವಳು ಸಿಸ್ಟರವ್ವ. "ಪರಪ್ಪಾ, ಇಳಿಯೋ ಮಗನ!"

ಅವಳ ಮಗ ಪರಪ್ಪ ಚಪ್ಪಲಿ ಬಿಟ್ಟು ಇಳಿದ, ದುರ್ಗಪ್ಪನ ಮೈಗೆ ಮೈ ತಾಗುವಷ್ಟು ಇಕ್ಕಟ್ಟಿಗೆ. ಅವನ ಹಿಂದೆ ಇನ್ನೂ ಮೂವರು ಇಳಿದು ಅಗೆದರು. ಐದಕ್ಕೆ ಹತ್ತು ನಿಮಿಷವಿರುವಾಗ ಫಾದರ್ ಮತ್ತೆ ಬಗ್ಗಿ ನೋಡಿದರು. "ಹಿಡಿಸುತ್ತಾ?"

ಅಳತೆಪಟ್ಟಿ ಯಾರ ಹತ್ತಿರವೂ ಇರಲಿಲ್ಲ. ಶಿವವ್ವ ಸೆರಗು ಸಿಕ್ಕಿಸಿ, ಮಗನ ಹೆಗಲು ಹಿಡಿದು ಇಳಿದವಳೇ ಹಸಿ ಮಣ್ಣಿನ ಮೇಲೆ ಅಂಗಾತ ಮಲಗಿಬಿಟ್ಟಳು.

"ಯವ್ವಾ, ಅಪಶಕುನಾ!" ಪರಪ್ಪ ಚೀರಿದ.

"ಸುಮ್ನಿರ್ಲೇ. ಆಕೀನೂ ನಾನೂ ಒಂದ ಎತ್ತರ." ಕಾಲು ನೀಡಿ ನೋಡಿದಳು. "ತಲಿ ಕಡೆ ಇನ್ನೂ ಗೇಣು ಜಾಗಾ ಐತಿ. ಪೆಟಗಿ ತರ್ರಿ, ಫಾದರ್."

ಎಬ್ಬಿಸಲು ಪರಪ್ಪ ಬಗ್ಗಿದ. ಮುದುಕಿ ಅವನನ್ನು ಸರಿಸಿ ಕೈ ಮುಂದೆ ಚಾಚಿದಳು. "ದುರ್ಗಪ್ಪಾ, ಏಳಸೋ."

ಅವನು ಕೈಗಳನ್ನು ಧೋತರದಲ್ಲಿ ಮುಚ್ಚಿಕೊಂಡ.

"ಕೊಡೋ ಕೈ!"

ಮೇಲಿದ್ದವರು ಬಗ್ಗಿ ನೋಡಿದರು. ಆ ಮೊಂಡು ಕೈಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಶಿವವ್ವ ಎದ್ದು ನಿಂತಳು. ಎದ್ದಮೇಲೂ ಬಿಡಲಿಲ್ಲ.